ಪ್ರಶ್ನೆಗಿಂತ ಮೊದಲೇ ಉತ್ತರ ಬಂದಿರುವ ಚಾಟ್ ನಕಲಿಯೇ? ಅಮೆರಿಕದಲ್ಲಿ ಎರಡೆರಡು ಸಲ ಬರುವ ಆ ಒಂದು ಗಂಟೆಯ ಕಥೆ

ದಾವಣಗೆರೆಯ ಓದುಗರೊಬ್ಬರು ನಮಗೆ ಎರಡು ಸ್ಕ್ರೀನ್‌ಶಾಟ್ ಮತ್ತು ಒಂದು ಆಡಿಯೊ ಕಳಿಸಿದ್ದರು. ಜೊತೆಗೊಂದು ಸಾಲು: “ದಯವಿಟ್ಟು ಇದು ನಿಜವೋ ಸುಳ್ಳೋ ಹೇಳಿ, ನಮ್ಮ ಮನೆಯಲ್ಲಿ ಮಾತು ಬಿಟ್ಟಿದ್ದಾರೆ.”

ವಿಷಯ ಇಷ್ಟೇ. ಅವರ ಅಣ್ಣ ಊರಲ್ಲಿದ್ದಾರೆ, ತಮ್ಮ ನ್ಯೂಜೆರ್ಸಿಯಲ್ಲಿದ್ದಾರೆ. ಅಪ್ಪನ ಹೆಸರಲ್ಲಿದ್ದ ಒಂದು ಸೈಟ್ ಮಾರುವ ಮಾತುಕತೆ ನಡೆದಿತ್ತು. 2024ರ ನವೆಂಬರ್ 3, ಬಲಿಪಾಡ್ಯಮಿಯ ಮರುದಿನ, ಭಾನುವಾರ ಬೆಳಿಗ್ಗೆ ಅಣ್ಣ ವಾಟ್ಸ್ಆ್ಯಪ್‌ನಲ್ಲಿ “ಪಾರ್ಟಿ ಬಂದಿದ್ದಾರೆ, ಅಡ್ವಾನ್ಸ್ ತಗೊಳ್ಳಲಾ?” ಎಂದು ಕೇಳಿದರು. ಶನಿವಾರದ ರಾತ್ರಿ ಹಬ್ಬದೂಟ ಮುಗಿಸಿ ಇನ್ನೂ ಎದ್ದೇ ಇದ್ದ ತಮ್ಮ “ಆಯ್ತಣ್ಣ, ತಗೋ” ಎಂದು ಉತ್ತರಿಸಿದರು. ಕೆಲವು ತಿಂಗಳ ಮೇಲೆ, ಅಣ್ಣ ತಮ್ಮನಿಗೆ ಹೇಳದೆ ದುಡ್ಡು ಇಸ್ಕೊಂಡಿದ್ದಾನೆ ಎಂಬ ಮಾತು ಬಂಧುಗಳಲ್ಲಿ ಹಬ್ಬಿತು. ಅಣ್ಣನ ಮೇಲೆ ಬಂದ ಆರೋಪ ತೊಳೆಯಲು ತಮ್ಮನೇ ತನ್ನ ಫೋನಿನ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹಾಕಿದರು.

ಅಲ್ಲಿಂದ ಗಲಾಟೆ ಜೋರಾಯಿತು. ಆ ಸ್ಕ್ರೀನ್‌ಶಾಟ್‌ನಲ್ಲಿ ಅಣ್ಣನ ಪ್ರಶ್ನೆಯ ಪಕ್ಕ 1:50 ಎಂದಿದೆ. ಅದರ ಕೆಳಗಿರುವ ತಮ್ಮನ ಉತ್ತರದ ಪಕ್ಕ 1:20 ಎಂದಿದೆ. ಎರಡೂ ಒಂದೇ ದಿನದವು, ಎರಡೂ ಎಎಂ. ಕೇಳುವುದಕ್ಕೆ ಅರ್ಧ ಗಂಟೆ ಮುಂಚೆಯೇ ಉತ್ತರ ಬಂದಂತಾಯಿತಲ್ಲ!

ಇವರ ಚಿಕ್ಕಪ್ಪ ಲೆಕ್ಕದಲ್ಲಿ ಪಕ್ಕಾ. ಅಣ್ಣನ ಫೋನಿನ ಸ್ಕ್ರೀನ್‌ಶಾಟನ್ನೂ ತರಿಸಿಕೊಂಡರು. ಅದರಲ್ಲಿ ಪ್ರಶ್ನೆ 11:20ಕ್ಕೆ, ಉತ್ತರ 11:50ಕ್ಕೆ. ಆಮೇಲೆ ಅವರು ಮಾಡಿದ ಆಡಿಯೊ ಸಾರಾಂಶ ಹೀಗಿದೆ: ನ್ಯೂಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. 11:20ರಲ್ಲಿ ಒಂಬತ್ತೂವರೆ ಕಳೆದರೆ 1:50, ಸರಿ ಬಂತು. 11:50ರಲ್ಲಿ ಕಳೆದರೆ 2:20 ಬರಬೇಕಿತ್ತು, 1:20 ಹೇಗೆ ಬಂತು? ಅಣ್ಣ ತಮ್ಮ ಇಬ್ಬರೂ ಕೂತು ಚಾಟ್ ತಯಾರಿಸಿದ್ದಾರೆ, ಮಾಡುವಾಗ ಒಂದು ಕಡೆ ಎಡವಿದ್ದಾರೆ. “ನಕಲಿ ಚಾಟ್ ಹಿಡಿಯೋದು ಹೀಗೆ” ಎಂಬ ತಲೆಬರಹದೊಂದಿಗೆ ಆ ಆಡಿಯೊ ಬೇರೆ ಗ್ರೂಪುಗಳಿಗೂ ಹೋಯಿತು.

ನಾವು ಮೊದಲು ನೋಡಿದಾಗ, ನಿಜ ಹೇಳಬೇಕೆಂದರೆ, ಚಿಕ್ಕಪ್ಪನ ವಾದವೇ ಸರಿ ಅನ್ನಿಸಿತ್ತು. ತಾರೀಖು ಗಮನಿಸಿದ ಮೇಲೆ ವಿಷಯ ತಿಳಿಯಿತು. ಎರಡೂ ಸ್ಕ್ರೀನ್‌ಶಾಟ್‌ಗಳ ಸಮಯ ಸರಿಯಾಗಿಯೇ ಇದೆ. ತಪ್ಪಿದ್ದು ಒಂಬತ್ತೂವರೆ ಗಂಟೆ ಎಂಬ ಲೆಕ್ಕ.

ಆ ರಾತ್ರಿ ನಡೆದದ್ದೇನು?

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸುತ್ತಾರೆ. ಇದಕ್ಕೆ ಡೇಲೈಟ್ ಸೇವಿಂಗ್ ಟೈಮ್ ಎನ್ನುತ್ತಾರೆ. ಬೇಸಿಗೆಯಲ್ಲಿ ಹಗಲು ಉದ್ದವಿರುತ್ತದೆ, ಸಂಜೆಯ ಬೆಳಕು ಇನ್ನಷ್ಟು ಹೊತ್ತು ಸಿಗಲಿ ಎಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವುದು, ಚಳಿಗಾಲ ಬರುವಾಗ ಮತ್ತೆ ಹಿಂದಕ್ಕೆ ತರುವುದು. ಈಗಿನ ನಿಯಮದಂತೆ ಮಾರ್ಚ್‌ನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಎರಡೂ ನಸುಕಿನ 2 ಗಂಟೆಗೆ.

2024ರ ನವೆಂಬರ್‌ನ ಮೊದಲ ಭಾನುವಾರ ಯಾವುದು? 3ನೇ ತಾರೀಖು.

ಅಂದು ನ್ಯೂಜೆರ್ಸಿಯಲ್ಲಿ ಗಡಿಯಾರ 1:58, 1:59 ತಲುಪಿ, 2 ಆಗುವ ಬದಲು ಮತ್ತೆ 1:00 ಆಯಿತು. ಅಂದರೆ ಆ ರಾತ್ರಿ 1ರಿಂದ 2ರ ತನಕದ ಗಂಟೆ ಎರಡು ಸಲ ಬಂತು. 1:20 ಎರಡು ಸಲ, 1:50 ಎರಡು ಸಲ. ಅಣ್ಣನ ಪ್ರಶ್ನೆ ಹೋದದ್ದು ಮೊದಲ ಸುತ್ತಿನ 1:50ಕ್ಕೆ. ಹತ್ತು ನಿಮಿಷದಲ್ಲಿ ಗಡಿಯಾರ ಹಿಂದೆ ಸರಿಯಿತು. ಇನ್ನಿಪ್ಪತ್ತು ನಿಮಿಷ ಕಳೆದು ತಮ್ಮ ಉತ್ತರ ಕೊಟ್ಟಾಗ ಎರಡನೇ ಸುತ್ತಿನ 1:20. ಒಟ್ಟು ಕಳೆದದ್ದು ಮೂವತ್ತೇ ನಿಮಿಷ. ದಾವಣಗೆರೆಯಲ್ಲಿ ಯಾರೂ ಗಡಿಯಾರ ಮುಟ್ಟದ ಕಾರಣ 11:20, 11:50 ಎಂದು ನೆಟ್ಟಗೆ ಕಾಣಿಸಿತು. ಮೊದಲ ಸುತ್ತಿನಲ್ಲಿ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ, ಎರಡನೇ ಸುತ್ತಿನಲ್ಲಿ ಹತ್ತೂವರೆ. ಚಿಕ್ಕಪ್ಪನಿಗೆ ಸಿಗದೆ ಹೋದದ್ದು ಆ ಒಂದು ಗಂಟೆ.

ಮಾರ್ಚ್‌ನಲ್ಲಿ ಇದರ ಉಲ್ಟಾ. 2025ರ ಮಾರ್ಚ್ 9ರಂದು ನ್ಯೂಜೆರ್ಸಿಯಲ್ಲಿ 1:59 ಆದಮೇಲೆ ನೇರವಾಗಿ 3:00. ಅವತ್ತು 2:30 ಎಂಬ ಹೊತ್ತೇ ಬರಲಿಲ್ಲ. ಆ ದಿನ ಅಲ್ಲಿ ನಸುಕಿನ 2:30ಕ್ಕೆ ಕಳಿಸಿದ್ದು ಎಂದು ಯಾವುದಾದರೂ ಮೆಸೇಜ್ ಹೇಳಿದರೆ, ಅದನ್ನು ಮಾತ್ರ ಧೈರ್ಯವಾಗಿ ಅನುಮಾನಿಸಬಹುದು.

ಫೋನ್ ಸಮಯವನ್ನು ಹೇಗೆ ನೆನಪಿಡುತ್ತದೆ?

ಮೆಸೇಜಿನ ಪಕ್ಕದಲ್ಲಿ ಕಾಣುವ ಸಮಯಕ್ಕೆ ಟೈಮ್‌ಸ್ಟ್ಯಾಂಪ್ ಎನ್ನುತ್ತಾರೆ. ಅಂಚೆ ಕಚೇರಿಯ ಮುದ್ರೆಯ ಹಾಗೆ ಅದು ಒಮ್ಮೆ ಒತ್ತಿದ್ದು, ಅಳಿಸಲಾಗದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಒಳಗೆ ಇರುವುದು ಬೇರೆಯೇ.

ಬಹುತೇಕ ಫೋನು, ಸರ್ವರ್‌ಗಳು ಸಮಯವನ್ನು ಒಂದು ದೊಡ್ಡ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತವೆ. 1970ರ ಜನವರಿ 1ರ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬ ಎಣಿಕೆ ಅದು. ಯಾವ ಊರಿನ ನಡುರಾತ್ರಿ? ಯುಟಿಸಿ ಎಂದು ಕರೆಯುವ ಜಾಗತಿಕ ಸಮಯದ್ದು. ಇದು ಲಂಡನ್ನಿನ ಗ್ರೀನಿಚ್ ರೇಖೆಯ ಹೊತ್ತಿಗೆ ಹೊಂದುತ್ತದೆ, ಬೇಸಿಗೆ ಚಳಿಗಾಲ ಎಂದು ಹಿಂದೆ ಮುಂದೆ ಆಗುವುದಿಲ್ಲ. ಈ ಎಣಿಕೆಯಲ್ಲಿ ಅಣ್ಣನ ಪ್ರಶ್ನೆ 1,73,06,13,000ನೇ ಸೆಕೆಂಡು. ತಮ್ಮನ ಉತ್ತರ 1,73,06,14,800ನೇ ಸೆಕೆಂಡು. ಕಳೆದು ನೋಡಿ, 1,800. ಅರ್ಧ ಗಂಟೆ. ಯಾವುದು ಮೊದಲು ಯಾವುದು ಆಮೇಲೆ ಎಂಬುದರಲ್ಲಿ ಗೊಂದಲವೇ ಇಲ್ಲ.

ಪರದೆಯ ಮೇಲೆ ತೋರಿಸುವಾಗ ಮಾತ್ರ ಫೋನು ಈ ಸಂಖ್ಯೆಯನ್ನು ನೀವಿರುವ ಜಾಗದ ಗಡಿಯಾರಕ್ಕೆ ತಿರುಗಿಸುತ್ತದೆ. ಅಂದರೆ ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ಸಮಯ ಮೆಸೇಜಿನ ಒಳಗೆ ಬರೆದಿಟ್ಟದ್ದಲ್ಲ, ನಿಮ್ಮ ಫೋನು ಆ ಕ್ಷಣಕ್ಕೆ ಮಾಡಿದ ಅನುವಾದ. ಅದೇ ಫೋನನ್ನು ಬೆಂಗಳೂರಿಗೆ ತಂದು ಅದೇ ಚಾಟ್ ತೆರೆದರೆ ಹಳೆಯ ಮೆಸೇಜುಗಳ ಹೊತ್ತೂ ಬದಲಾಗಿ ಕಾಣುತ್ತದೆ. ಅಮೆರಿಕದಿಂದ ರಜೆಗೆ ಬಂದವರು “ನನ್ನ ಹಳೇ ಮೆಸೇಜೆಲ್ಲ ಟೈಮ್ ಚೇಂಜ್ ಆಗಿದೆ, ಫೋನ್ ಹ್ಯಾಕ್ ಆಗಿದೆಯಾ?” ಎಂದು ಕೇಳುವುದು ಇದಕ್ಕೇ. ಹ್ಯಾಕ್ ಆಗಿಲ್ಲ.

ಎಸ್ಎಂಎಸ್‌ನಲ್ಲಿ ಇನ್ನೊಂದು ಬಗೆ. ಪ್ರತಿ ಎಸ್ಎಂಎಸ್ ಜೊತೆ ಅದನ್ನು ದಾಟಿಸಿದ ಕೇಂದ್ರದ ಸ್ಥಳೀಯ ಸಮಯವೂ, ಆ ಸ್ಥಳ ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂಬುದೂ ಬರುತ್ತದೆ. ಈ ಅಂತರವನ್ನು ಕಾಲು ಗಂಟೆಯ ಲೆಕ್ಕದಲ್ಲಿ ಬರೆಯುತ್ತಾರೆ. ಭಾರತ 22 ಕಾಲು ಗಂಟೆ ಮುಂದೆ, ಅಂದರೆ ಐದೂವರೆ ಗಂಟೆ. ಪಕ್ಕದ ನೇಪಾಳ 23. ಇಡೀ ಗಂಟೆಯ ಲೆಕ್ಕ ಇಟ್ಟಿದ್ದರೆ ನಾವಿಬ್ಬರೂ ಪಟ್ಟಿಯಿಂದ ಹೊರಗೇ ಉಳಿಯುತ್ತಿದ್ದೆವು.

ಹಾಗಾದರೆ ತಪ್ಪು ಆಗುವುದೇ ಇಲ್ಲವೇ?

ಆಗುತ್ತದೆ, ಧಾರಾಳವಾಗಿ. ಮೇಲಿನ ಪ್ರಕರಣದಲ್ಲಿ ಫೋನು ಸರಿಯಿತ್ತು, ಓದಿದವರಿಗೆ ಗೊಂದಲವಾಯಿತು. ಸಾಫ್ಟ್‌ವೇರೇ ತಪ್ಪು ಮಾಡುವ ಸಂದರ್ಭಗಳೂ ಇವೆ, ಹೆಚ್ಚಿನವು ಸರಿಯಾಗಿ ಒಂದು ಗಂಟೆಯ ತಪ್ಪುಗಳು. ನೀವು ನೋಡುವ ವ್ಯತ್ಯಾಸ ಹದಿನೇಳು ನಿಮಿಷದ್ದಾಗಿದ್ದರೆ ಕಾರಣ ಬೇರೆ ಇರಬೇಕು. ಕರಾರುವಾಕ್ಕಾಗಿ ಒಂದು ಗಂಟೆಯಾದರೆ ಮೊದಲು ಡೇಲೈಟ್ ಸೇವಿಂಗ್ ಮೇಲೆಯೇ ಅನುಮಾನ ಪಡಬೇಕು.

ತೀರಾ ಸಾಮಾನ್ಯವಾದದ್ದು, ಅಂತರವನ್ನು ಒಮ್ಮೆ ಬರೆದಿಟ್ಟು ಮರೆಯುವುದು. “ನ್ಯೂಯಾರ್ಕ್ ಅಂದರೆ ಯುಟಿಸಿಗಿಂತ ಐದು ಗಂಟೆ ಹಿಂದೆ” ಎಂದು ಒಬ್ಬ ಪ್ರೋಗ್ರಾಮರ್ ಜನವರಿಯಲ್ಲಿ ಬರೆಯುತ್ತಾನೆ. ಪರೀಕ್ಷೆ ಮಾಡುತ್ತಾನೆ, ಸರಿ ಬರುತ್ತದೆ. ಮಾರ್ಚ್ ಬಂದ ಮೇಲೆ ಅಂತರ ನಾಲ್ಕು ಗಂಟೆ ಆಗಿರುತ್ತದೆ, ಅವನ ಸಾಫ್ಟ್‌ವೇರ್ ಇನ್ನೂ ಐದೇ ಕಳೆಯುತ್ತಿರುತ್ತದೆ. ಬೇಸಿಗೆಯ ಮೆಸೇಜುಗಳೆಲ್ಲ ಒಂದು ಗಂಟೆ ಹಿಂದಿನದಾಗಿ ಕಾಣುತ್ತವೆ. ಭಾರತದಲ್ಲಿ ಕೂತು ಪರೀಕ್ಷಿಸಿದರೆ ಈ ತಪ್ಪು ಎಂದೂ ಸಿಗದು, ನಮ್ಮ ಐದೂವರೆ ವರ್ಷವಿಡೀ ಐದೂವರೆಯೇ.

ಇನ್ನೊಂದು ಸ್ವಲ್ಪ ವಿಚಿತ್ರ. ಇವತ್ತಿನ ಅಂತರವನ್ನು ಹಳೆಯ ಮೆಸೇಜಿಗೂ ಹಚ್ಚುವುದು. ಜುಲೈನಲ್ಲಿ 9:10ಕ್ಕೆ ಬಂದ ಮೇಲ್ ಅನ್ನು ಡಿಸೆಂಬರ್‌ನಲ್ಲಿ ತೆರೆದರೆ 8:10 ಎಂದು ಕಾಣುತ್ತದೆ, ಮತ್ತೆ ಬೇಸಿಗೆ ಬಂದಾಗ ತಾನಾಗಿ 9:10 ಆಗುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಫೈಲುಗಳ ದಿನಾಂಕ ತೋರಿಸುವಾಗ ಹೀಗೇ ಆಗುತ್ತಿತ್ತು. ವಿಂಡೋಸ್ 7ರಲ್ಲಿ ಆ ಪದ್ಧತಿ ಬದಲಾಯಿತು. ಪೆನ್‌ಡ್ರೈವ್, ಮೆಮರಿ ಕಾರ್ಡುಗಳಲ್ಲಿ ಬಳಸುವ ಹಳೆಯ ಫ್ಯಾಟ್ ವ್ಯವಸ್ಥೆಯಲ್ಲಂತೂ ಫೈಲಿನ ಸಮಯ ಯಾವ ಊರಿನದು ಎಂದು ಬರೆಯುವ ಜಾಗವೇ ಇಲ್ಲ.

ಫೋಟೊಗಳದ್ದೂ ಬಹುಕಾಲ ಇದೇ ಕಥೆ. ಚಿತ್ರದ ಒಳಗೆ ಕ್ಯಾಮೆರಾ ಬರೆಯುವ ಎಕ್ಸಿಫ್ ಮಾಹಿತಿಯಲ್ಲಿ ದಿನಾಂಕ, ಗಂಟೆ, ನಿಮಿಷ ಇರುತ್ತಿತ್ತು, ಯುಟಿಸಿ ಅಂತರ ಇರುತ್ತಿರಲಿಲ್ಲ. ಅದಕ್ಕೊಂದು ಜಾಗ ಮಾಡಿಕೊಟ್ಟದ್ದು 2016ರಲ್ಲಿ. ಲಂಡನ್ನಿನಿಂದ ಮದುವೆಗೆ ಬಂದ ಸೋದರತ್ತೆಯ ಮಗನ ಕ್ಯಾಮೆರಾ ಚಿತ್ರಗಳನ್ನೂ ಊರಿನ ಫೋಟೊಗ್ರಾಫರ್ ಚಿತ್ರಗಳನ್ನೂ ಒಟ್ಟಿಗೆ ಸೇರಿಸಿದರೆ, ಹತ್ತೂವರೆಯ ಧಾರೆ ಬೆಳಗಿನ ಐದು ಗಂಟೆಗೆ ಆದಂತೆ ಕಾಣಿಸುವುದು ಇದರಿಂದ. ಬೇಸಿಗೆಯ ಮದುವೆಯಾದರೆ ಆರು ಗಂಟೆಗೆ, ಲಂಡನ್ನಿನವರೂ ಗಡಿಯಾರ ಬದಲಾಯಿಸುತ್ತಾರಲ್ಲ.

ಅಲಾರಂಗಳೂ ಇದರಿಂದ ಕೈಕೊಟ್ಟಿವೆ. 2010ರ ಚಳಿಗಾಲದ ಹೊತ್ತಿಗೆ ಯುರೋಪಿನಲ್ಲಿ ಗಡಿಯಾರ ಹಿಂದೆ ಹೋದಾಗ ಐಫೋನ್‌ಗಳಲ್ಲಿ ದಿನನಿತ್ಯದ ಅಲಾರಂಗಳು ಒಂದು ಗಂಟೆ ತಡವಾಗಿ ಹೊಡೆದವು. ಮುಂದೆ ಪರದೆಯಲ್ಲಿ ಸಮಯ ಸರಿಯಿತ್ತು, ಅಲಾರಂ ಮಾತ್ರ ಹಳೆಯ ಲೆಕ್ಕದಲ್ಲಿತ್ತು. ಕೆಲಸಕ್ಕೆ ತಡವಾದವರು ಎಷ್ಟು ಜನವೋ.

ಎಲ್ಲ ಊರಿನ ನಿಯಮ ಬರೆದಿಟ್ಟಿರುವ ಒಂದು ಕಡತ

ಯಾವ ದೇಶ ಯಾವ ವರ್ಷ ಯಾವ ದಿನ ಗಡಿಯಾರ ಬದಲಾಯಿಸಿತು ಎಂಬುದು ಫೋನಿಗೆ ಹೇಗೆ ಗೊತ್ತು? ಈ ಭಾಗ ನಮಗೆ ತುಂಬ ಇಷ್ಟವಾಯಿತು, ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಟೈಮ್ ಝೋನ್ ಡೇಟಾಬೇಸ್ ಎಂಬ ಒಂದು ಕಡತವಿದೆ. ಆರ್ಥರ್ ಡೇವಿಡ್ ಓಲ್ಸನ್ ಎಂಬುವವರು 1980ರ ದಶಕದಲ್ಲಿ ಶುರುಮಾಡಿದ್ದು, ಆಮೇಲೆ ಪಾಲ್ ಎಗರ್ಟ್ ಅದರ ಸಂಪಾದಕರಾದರು. ಸ್ವಯಂಸೇವಕರು ಮಾಹಿತಿ ಕೊಡುತ್ತಾರೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಆಂಡ್ರಾಯ್ಡ್, ಐಫೋನ್, ಲಿನಕ್ಸ್ ಎಲ್ಲವೂ ಇದನ್ನೇ ನಂಬಿಕೊಂಡಿವೆ. ಇದರಲ್ಲಿ ಭಾರತದ ಹೆಸರು ‘ಏಷ್ಯಾ/ಕೋಲ್ಕತಾ’. ನಿಮ್ಮ ಫೋನಿನ ಟೈಮ್ ಝೋನ್ ಪಟ್ಟಿಯಲ್ಲಿ ಬೆಂಗಳೂರು, ದೆಹಲಿ ಯಾವುದೂ ಇಲ್ಲದೆ ಕೋಲ್ಕತಾ ಮಾತ್ರ ಕಾಣಿಸಿದರೆ ಗಾಬರಿಯಾಗಬೇಡಿ, ಅದು ಇಡೀ ದೇಶದ ಸಮಯ.

2011ರಲ್ಲಿ ಈ ಕಡತದ ಮೇಲೆ ಅಮೆರಿಕದ ಕೋರ್ಟಿನಲ್ಲಿ ಕೇಸು ಬಿತ್ತು. ಹಾಕಿದ್ದು ಆಸ್ಟ್ರೋಲೇಬ್ ಎಂಬ ಜ್ಯೋತಿಷ್ಯದ ಸಾಫ್ಟ್‌ವೇರ್ ಕಂಪನಿ! ಜಾತಕ ಬರೆಯಲು ಹುಟ್ಟಿದ ಊರಿನಲ್ಲಿ ಆ ವರ್ಷ ಗಡಿಯಾರ ಹೇಗಿತ್ತು ಎಂಬುದು ಬೇಕು, ಅದಕ್ಕಾಗಿ ಸಂಗ್ರಹಿಸಿದ್ದ ಹಳೆಯ ಮಾಹಿತಿಯ ಹಕ್ಕು ತಮ್ಮದು ಎಂಬುದು ಅವರ ವಾದ. ಕೆಲವು ತಿಂಗಳಲ್ಲಿ, 2012ರಲ್ಲಿ, ಅವರೇ ಕೇಸು ಹಿಂತೆಗೆದುಕೊಂಡರು. ಅಷ್ಟರಲ್ಲಿ ಕಡತದ ಹೊಣೆಯನ್ನು ಇಂಟರ್ನೆಟ್ ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಎಎನ್ಎ ವಹಿಸಿಕೊಂಡಿತ್ತು.

ಜಾತಕದ ಮಾತು ಬಂತು, ನಮ್ಮ ದೇಶದ ಮಟ್ಟಿಗೂ ಒಂದು ಸಂಗತಿಯಿದೆ. “ಭಾರತದಲ್ಲಿ ಗಡಿಯಾರ ಎಂದೂ ಬದಲಾಗಿಲ್ಲ” ಎಂದು ಹಲವರು ನಂಬಿದ್ದಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬದಲಾಗಿತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರ ತನಕ ಇಲ್ಲಿನ ಸಮಯ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು, ಅಂದರೆ ಈಗಿನದಕ್ಕಿಂತ ಒಂದು ಗಂಟೆ ಹೆಚ್ಚು. 1943ರಲ್ಲಿ ಹುಟ್ಟಿದ ಅಜ್ಜಿಯ ಜನನ ಸಮಯ ಗಡಿಯಾರ ನೋಡಿ ಬರೆದದ್ದಾಗಿದ್ದರೆ ಅದರಲ್ಲಿ ಈ ಒಂದು ಗಂಟೆ ಸೇರಿರುತ್ತದೆ. ಜಾತಕವನ್ನು ನಂಬಬೇಕೋ ಬೇಡವೋ ಎಂಬುದು ಬೇರೆ ಚರ್ಚೆ, ಲೆಕ್ಕ ಮಾತ್ರ ಸರಿಯಿರಲಿ.

ಕಡತಕ್ಕೆ ನಿಜವಾದ ತಲೆನೋವು ಸರ್ಕಾರಗಳದ್ದು. ಲೆಬನಾನ್‌ನಲ್ಲಿ 2023ರ ಮಾರ್ಚ್ 26ರ ಭಾನುವಾರ ಗಡಿಯಾರ ಮುಂದೆ ಹೋಗಬೇಕಿತ್ತು. ರಂಜಾನ್ ಉಪವಾಸ ನಡೆಯುತ್ತಿತ್ತು. ಪ್ರಧಾನಿ ನಜೀಬ್ ಮಿಕಾತಿ ಅವರ ಸರ್ಕಾರ ಕೆಲವೇ ದಿನ ಮುಂಚೆ, ಈ ಬಾರಿ ಏಪ್ರಿಲ್ ತನಕ ಮುಂದೂಡಿದ್ದೇವೆ ಎಂದಿತು. ಪ್ರಭಾವಿಯಾದ ಮಾರೋನೈಟ್ ಚರ್ಚ್ ಒಪ್ಪಲಿಲ್ಲ, ಕೆಲವು ಟಿವಿ ಚಾನೆಲ್‌ಗಳೂ ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಸಮಯ. ಸರ್ಕಾರ ಸರಿಯೋ ಚರ್ಚ್ ಸರಿಯೋ ಫೋನಿಗೇನು ಗೊತ್ತು? ತನ್ನಲ್ಲಿದ್ದ ಹಳೆಯ ನಿಯಮದಂತೆ ಎಷ್ಟೋ ಫೋನು ತಾವಾಗಿ ಮುಂದೆ ಹೋದವು. ಟೈಮ್ ಝೋನ್ ಕಡತದವರು ಸರ್ಕಾರದ ಘೋಷಣೆ ನಂಬಿ ತರಾತುರಿಯಲ್ಲಿ ಹೊಸ ಆವೃತ್ತಿ ಬಿಟ್ಟರು. ಐದು ದಿನದೊಳಗೆ ಸರ್ಕಾರ ಮನಸ್ಸು ಬದಲಾಯಿಸಿತು, ಕಡತದವರು ಅದನ್ನು ರದ್ದುಮಾಡಿ ಇನ್ನೊಂದು ಆವೃತ್ತಿ ಬಿಡಬೇಕಾಯಿತು. ಆ ವಾರ ಬೈರೂತ್‌ನಿಂದ ಬಂದ ಮೆಸೇಜುಗಳ ಹೊತ್ತಿನ ಬಗ್ಗೆ ಯಾರಾದರೂ ಜಗಳ ಮಾಡಿದ್ದರೆ ಪಂಚಾಯಿತಿ ಮಾಡುವುದು ನಮಗಂತೂ ಕಷ್ಟ.

ಮೊರಾಕೊ 2018ರಲ್ಲಿ, ಗಡಿಯಾರ ಹಿಂದೆ ಹೋಗಲು ಎರಡು ದಿನ ಇರುವಾಗ, ಇನ್ನು ಹಿಂದೆ ಹೋಗುವುದಿಲ್ಲ ಎಂದು ತೀರ್ಮಾನಿಸಿತು. ಅಮೆರಿಕ ಪರವಾಗಿಲ್ಲ, 2005ರಲ್ಲಿ ಕಾನೂನು ಮಾಡಿ 2007ರಿಂದ ದಿನಾಂಕ ಬದಲಾಯಿಸಿತು. ಆದರೂ ಏಪ್ರಿಲ್‌ನಿಂದ ಅಕ್ಟೋಬರ್ ಎಂಬ ಹಳೆಯ ನಿಯಮ ಒಳಗೇ ಅಚ್ಚಾಗಿದ್ದ ಸಾಧನಗಳು ಆ ವರ್ಷ ಮಾರ್ಚ್‌ನಲ್ಲಿ ಮೂರು ವಾರ ಒಂದು ಗಂಟೆ ತಪ್ಪು ತೋರಿಸಿದವು.

ಫೋನ್ ಅಪ್‌ಡೇಟ್ ಮಾಡಿ ಎಂದು ನಾವು ಪದೇ ಪದೇ ಹೇಳುವುದಕ್ಕೆ ಇದೂ ಒಂದು ಕಾರಣ. ಅಪ್‌ಡೇಟ್ ನಿಂತುಹೋದ ಹಳೆಯ ಫೋನುಗಳಲ್ಲಿ ಈ ನಿಯಮಗಳೂ ಹಳೆಯವೇ ಉಳಿಯುತ್ತವೆ.

ಸಾಫ್ಟ್‌ವೇರ್ ಮಾಡುವವರು ಸರಿಪಡಿಸುವುದು ಹೇಗೆ?

ಕೋಡ್ ಬರೆಯುವ ಓದುಗರೂ ನಮಗಿದ್ದಾರೆ, ಉಳಿದವರು ಈ ಭಾಗ ದಾಟಿಕೊಂಡು ಹೋಗಬಹುದು. ಆಗಿಹೋದ ಘಟನೆಯನ್ನು, ಅಂದರೆ ಕಳಿಸಿದ ಮೆಸೇಜು, ಕಟ್ಟಿದ ಬಿಲ್ಲು ಇಂಥದ್ದನ್ನು ಯುಟಿಸಿಯಲ್ಲಿ ಉಳಿಸಬೇಕು, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ತಿರುಗಿಸಬೇಕು. ತಿರುಗಿಸುವಾಗ “ಐದು ಗಂಟೆ ಹಿಂದೆ” ಎಂಬ ಅಂಕಿಯ ಬದಲು ‘ಅಮೆರಿಕ/ನ್ಯೂಯಾರ್ಕ್’ ಎಂಬ ಹೆಸರನ್ನು ಕೊಟ್ಟು, ಆ ಮೆಸೇಜಿನ ದಿನದಂದು ಅಲ್ಲಿ ಏನಿತ್ತು ಎಂದು ಕಡತವನ್ನೇ ಕೇಳಬೇಕು. ಪೈಥಾನ್‌ನಲ್ಲಿ 3.9ನೇ ಆವೃತ್ತಿಯಿಂದ ಝೋನ್‌ಇನ್ಫೊ ಇದೆ. ಎರಡು ಸಲ ಬರುವ ಗಂಟೆಯಲ್ಲಿ ಮೊದಲನೆಯದೋ ಎರಡನೆಯದೋ ಎಂದು ಹೇಳಲು ‘ಫೋಲ್ಡ್’ ಎಂಬ ಗುರುತು ಇದೆ. ಹೊತ್ತಿನ ಪಕ್ಕ ಅಂತರವನ್ನೂ ತೋರಿಸಿಬಿಟ್ಟರೆ ಇನ್ನೂ ಒಳ್ಳೆಯದು. ತಮ್ಮನ ಸ್ಕ್ರೀನ್‌ಶಾಟ್‌ನಲ್ಲಿ ಒಂದರ ಪಕ್ಕ −4, ಇನ್ನೊಂದರ ಪಕ್ಕ −5 ಎಂದಿದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಮುಂದೆ ಆಗಬೇಕಾದ ಸಂಗತಿಗೆ ಈ ನಿಯಮ ಉಲ್ಟಾ. ಪ್ರತಿ ಮಂಗಳವಾರ ನ್ಯೂಯಾರ್ಕ್ ಸಮಯ ಬೆಳಿಗ್ಗೆ 10ಕ್ಕೆ ಮೀಟಿಂಗ್ ಎಂದರೆ ಅದನ್ನು ಯುಟಿಸಿಗೆ ತಿರುಗಿಸಿ ಇಡಬಾರದು, “ನ್ಯೂಯಾರ್ಕ್, 10 ಗಂಟೆ” ಎಂದೇ ಇಡಬೇಕು. ಬೆಂಗಳೂರಿನ ಐಟಿ ಮನೆಗಳಿಗೆ ಇದರ ಅನುಭವ ಚೆನ್ನಾಗಿದೆ. ಚಳಿಗಾಲದಲ್ಲಿ ರಾತ್ರಿ 8:30ಕ್ಕಿದ್ದ ಕಾಲ್ ಮಾರ್ಚ್ ಎರಡನೇ ವಾರದಿಂದ 7:30ಕ್ಕೆ ಬರುತ್ತದೆ. ಅದರಲ್ಲಿ ಲಂಡನ್ನಿನವರೂ ಇದ್ದರೆ ಎರಡು ಅಥವಾ ಮೂರು ವಾರ ಅವರಿಗೂ ಗೊಂದಲ, ಏಕೆಂದರೆ ಯುರೋಪ್ ಗಡಿಯಾರ ಬದಲಾಯಿಸುವುದು ಮಾರ್ಚ್‌ನ ಕೊನೆಯ ಭಾನುವಾರ.

ನೀವು ಪರೀಕ್ಷಿಸುವುದು ಹೇಗೆ?

ಮೊದಲು ತಾರೀಖು ನೋಡಿ. ಮಾರ್ಚ್, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ಭಾನುವಾರವೇ? ಕಳಿಸಿದವರು, ಸ್ಕ್ರೀನ್‌ಶಾಟ್ ತೆಗೆದವರು ಯಾವ ಊರಲ್ಲಿದ್ದರು? ಅಮೆರಿಕ ಎಂದ ಮಾತ್ರಕ್ಕೆ ಎಲ್ಲವೂ ಒಂದಲ್ಲ. ಅರಿಝೋನಾದ ಫೀನಿಕ್ಸ್‌ನಲ್ಲಿರುವ ನಿಮ್ಮ ನೆಂಟರು ಗಡಿಯಾರ ಬದಲಾಯಿಸುವುದೇ ಇಲ್ಲ.

ಮೂಲ ಚಾಟ್ ಇರುವ ಫೋನು ಕೈಗೆ ಸಿಕ್ಕರೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೇಟ್ ಅಂಡ್ ಟೈಮ್‌ಗೆ ಹೋಗಿ, ಟೈಮ್ ಝೋನ್ ಮಾತ್ರ ಬದಲಾಯಿಸಿ, ಆ್ಯಪ್ ಮುಚ್ಚಿ ತೆರೆದರೆ ಎಲ್ಲ ಮೆಸೇಜುಗಳೂ ಹೊಸ ಊರಿನ ಸಮಯದಲ್ಲಿ ಕಾಣುತ್ತವೆ. ಗಂಟೆ ನಿಮಿಷವನ್ನು ಕೈಯಲ್ಲಿ ತಿರುಗಿಸಬೇಡಿ, ಅದು ಬೇರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದ ಎಷ್ಟೋ ತಂದೆ ತಾಯಿ ಟೈಮ್ ಝೋನ್ ಕೋಲ್ಕತಾ ಎಂದೇ ಬಿಟ್ಟು ಮುಳ್ಳನ್ನಷ್ಟೇ ಹಿಂದೆ ತಿರುಗಿಸಿರುತ್ತಾರೆ. ನೋಡಲು ಸಮಯ ಸರಿ, ಒಳಗಿನ ಸೆಕೆಂಡಿನ ಎಣಿಕೆ ಗಂಟೆಗಟ್ಟಲೆ ತಪ್ಪು. ವೆಬ್‌ಸೈಟುಗಳು ತೆರೆಯುವುದಿಲ್ಲ, ಅಥೆಂಟಿಕೇಟರ್ ಆ್ಯಪ್ ಕೊಡುವ ಆರಂಕಿಯ ಕೋಡು ನಡೆಯುವುದಿಲ್ಲ, ಏಕೆಂದರೆ ಅದೂ ಇದೇ ಎಣಿಕೆಯಿಂದ ಹುಟ್ಟುವುದು. ಸಮಯವನ್ನು ಆಟೊಮ್ಯಾಟಿಕ್ ಎಂದು ಬಿಟ್ಟರೆ ಈ ತೊಂದರೆ ಇಲ್ಲ.

ಇಮೇಲ್ ಆದರೆ ಇನ್ನೂ ಒಳ್ಳೆಯದು. ಜಿಮೇಲ್‌ನಲ್ಲಿ ಕಂಪ್ಯೂಟರಿನಿಂದ ‘ಶೋ ಒರಿಜಿನಲ್’ ಒತ್ತಿದರೆ ದಿನಾಂಕದ ಸಾಲಿನಲ್ಲಿ ಸಮಯದ ಜೊತೆ ಅಂತರವೂ ಇರುತ್ತದೆ, ದಾರಿಯಲ್ಲಿ ದಾಟಿಸಿದ ಪ್ರತಿ ಸರ್ವರ್‌ನ ಮುದ್ರೆಯೂ ಇರುತ್ತದೆ. ವಾಟ್ಸ್ಆ್ಯಪ್‌ನ ‘ಎಕ್ಸ್‌ಪೋರ್ಟ್ ಚಾಟ್’ ಕಡತದಲ್ಲಿ ಅಂತರ ಇರುವುದಿಲ್ಲ, ಎಕ್ಸ್‌ಪೋರ್ಟ್ ಮಾಡಿದ ಫೋನಿನ ಸಮಯವಷ್ಟೇ ಇರುತ್ತದೆ. ಒಂದೇ ಚಾಟನ್ನು ಇಬ್ಬರು ಎರಡು ದೇಶದಿಂದ ಎಕ್ಸ್‌ಪೋರ್ಟ್ ಮಾಡಿದರೆ ಎರಡರ ಹೊತ್ತು ಬೇರೆ ಇರುವುದು ಸಹಜ. ವಿಷಯ ಕೋರ್ಟಿಗೆ ಹೋಗುವಂಥದ್ದಾದರೆ ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ, ಫೋನನ್ನೇ ಜೋಪಾನ ಮಾಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ಹೇಳುತ್ತಾರೆ.

ಫಾರ್ವರ್ಡ್‌ಗಳಲ್ಲಿ ಸಮಯ ಕಂಡಾಗಲೂ ಯಾವ ಊರಿನ ಸಮಯ ಎಂದು ಕೇಳುವುದು ಉಪಯೋಗಕ್ಕೆ ಬರುತ್ತದೆ. “ಇಂದು ರಾತ್ರಿ 12:30ರಿಂದ 3:30ರ ತನಕ ಕಾಸ್ಮಿಕ್ ಕಿರಣ ಭೂಮಿಗೆ ಬರುತ್ತವೆ, ಫೋನ್ ಆಫ್ ಮಾಡಿ” ಎಂಬ ಹಳೆಯ ಸುಳ್ಳು ನಿಮಗೂ ಬಂದಿರಬಹುದು. ಎಲ್ಲಿಯ 12:30? ಇನ್ನು ಐಎಸ್‌ಟಿ ಎಂದು ಬರೆದಿದ್ದರೂ ಭಾರತವೇ ಎಂದುಕೊಳ್ಳುವಂತಿಲ್ಲ. ಇಸ್ರೇಲಿನವರದ್ದೂ ಐಎಸ್‌ಟಿ, ಐರ್ಲೆಂಡಿನ ಬೇಸಿಗೆ ಸಮಯವೂ ಐಎಸ್‌ಟಿ.

ದಾವಣಗೆರೆಯ ಮನೆಯಲ್ಲಿ ಏನಾಯಿತು?

ನಾವು ಇದನ್ನೆಲ್ಲ ಬರೆದು ಕಳಿಸಿದೆವು. ನಮ್ಮ ವಿವರಣೆಯಿಂದ ಸಾಬೀತಾಗುವುದು ಎರಡು ಸ್ಕ್ರೀನ್‌ಶಾಟ್‌ಗಳ ಹೊತ್ತು ಒಂದಕ್ಕೊಂದು ಹೊಂದುತ್ತದೆ ಎಂಬುದಷ್ಟೇ, ಚಾಟ್ ನಕಲಿ ಎನ್ನಲು ಸಮಯವನ್ನು ಕಾರಣ ಕೊಡಲಾಗದು ಎಂದೂ ತಿಳಿಸಿದೆವು. ಚಿಕ್ಕಪ್ಪ ಒಪ್ಪಲಿಲ್ಲ. “ನ್ಯೂಜೆರ್ಸಿ ಫೋನಲ್ಲಿ ಅವನೇನು ಬೇಕಾದರೂ ಮಾಡಿರಬಹುದು” ಎಂದರಂತೆ.

ಹಾಗಾದರೆ ಅಣ್ಣನ ಫೋನಿನಲ್ಲೇ ನೋಡಲಿ ಎಂದೆವು. ಅದು ದಾವಣಗೆರೆಯಲ್ಲೇ ಇದೆ, ಅದರಲ್ಲಿ 11:20, 11:50 ಎಂದಿರುವುದನ್ನು ಅವರೇ ಕಂಡಿದ್ದಾರೆ. ಒಂದು ಭಾನುವಾರ ಅವರೇ ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ಬೇರೆಯವರು ಮುಟ್ಟದಂತೆ ನೋಡಿಕೊಂಡು, ಆ ಫೋನಿನ ಟೈಮ್ ಝೋನನ್ನು ನ್ಯೂಯಾರ್ಕ್‌ಗೆ ಬದಲಾಯಿಸಿದರು. ಚಾಟ್ ತೆರೆದಾಗ ಪ್ರಶ್ನೆಯ ಪಕ್ಕ 1:50, ಅದರ ಕೆಳಗೆ ಉತ್ತರದ ಪಕ್ಕ 1:20. ಒಂದೆರಡು ಸಲ ಕೋಲ್ಕತಾ, ನ್ಯೂಯಾರ್ಕ್ ಎಂದು ಅತ್ತಿತ್ತ ಮಾಡಿ ನೋಡಿದರಂತೆ. ಆಮೇಲೆ “ಟೀ ಇಡಮ್ಮ” ಎಂದರು ಎಂದು ನಮ್ಮ ಓದುಗರು ಬರೆದಿದ್ದಾರೆ.

ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಇನ್ನೊಂದು ಆಡಿಯೊ ಹಾಕಿ, ಮೊದಲು ಹೇಳಿದ್ದು ತಪ್ಪು ಎಂದಿದ್ದಾರೆ. ಮೊದಲನೆಯದನ್ನು ಎಲ್ಲರಿಗೂ ಡಿಲೀಟ್ ಮಾಡುವ ಅವಧಿ ಮುಗಿದುಹೋಗಿತ್ತು. ಬೇರೆ ಗ್ರೂಪುಗಳಿಗೆ ಹೋದ “ನಕಲಿ ಚಾಟ್ ಹಿಡಿಯೋದು ಹೀಗೆ” ಇನ್ನೂ ಸುತ್ತುತ್ತಿದೆ, ಕಳೆದ ವಾರ ಹಾವೇರಿಯ ಒಬ್ಬರು ಅದನ್ನೇ ನಮಗೆ ಕಳಿಸಿ ನಿಜವೇ ಎಂದು ಕೇಳಿದ್ದಾರೆ.